ಬಯಕೆಯೂ ಸುಖವೂ: ವ್ಯಸನವನ್ನು ಕುರಿತ ಒಂದು ವಿಚಾರ



ನಮ್ಮ ಮಾಕವಳ್ಳಿಯ ಸೀಮೆಯು ಕಬ್ಬಿನ ಸೀಮೆ. ಆಲೆಮನೆಯ ಬೆಲ್ಲವನ್ನೂ ಈ ಊರಿನ ಕಾರ್ಖಾನೆಯ ಸಕ್ಕರೆಯನ್ನೂ ಅರಿಯದವರು ನಮ್ಮಲ್ಲಿಲ್ಲ. ಸಕ್ಕರೆಯನ್ನು ತೆಗೆದ ಬಳಿಕ ಉಳಿಯುವ ಕಾಕಂಬಿಯನ್ನು ಹುದುಗಿಸಿ ಬಟ್ಟಿಯಿಳಿಸಿದರೆ ಮದ್ಯಸಾರವಾಗುವುದೆಂಬುದೂ ತಮಗೆ ತಿಳಿದದ್ದೇ. ಕಬ್ಬು ಒಂದೇ, ಒಂದು ಮುಖದಲ್ಲಿ ಪ್ರಸಾದಕ್ಕೆ ಸಲ್ಲುವುದು, ಮತ್ತೊಂದು ಮುಖದಲ್ಲಿ ಮನೆಯನ್ನು ಸುಡುವುದು. ಮನುಷ್ಯನ ಮೆದುಳಿನಲ್ಲಿ ಬಯಕೆಯನ್ನು ಹುಟ್ಟಿಸುವ ಏರ್ಪಾಡೂ ಹೀಗೆಯೇ ಒಂದೇ ಆಗಿರುವುದು. ಹಸಿದವನನ್ನು ಅನ್ನದ ಕಡೆಗೆ ಒಯ್ಯುವುದೂ ಅದೇ. ಕುಡುಕನನ್ನು ಅಂಗಡಿಯ ಬಾಗಿಲಿಗೆ ಎಳೆಯುವುದೂ ಅದೇ.

ಈ ಏರ್ಪಾಡು ವಿದ್ವಾಂಸರಿಗೆ ಗೋಚರವಾದ ಬಗೆಯನ್ನು ಹೇಳುವೆನು. ೧೯೫೪ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಎಂಬಿಬ್ಬರು, ಇಲಿಯ ಮೆದುಳಿನೊಳಗೆ ತೆಳುವಾದ ತಂತಿಯನ್ನಿರಿಸಿ, ಅದು ಒಂದು ಸನ್ನೆಯನ್ನು ಒತ್ತಿದಾಗಲೆಲ್ಲ ಅಲ್ಲಿಗೆ ಕಿಂಚಿತ್ ವಿದ್ಯುತ್ತು ಹರಿಯುವಂತೆ ಮಾಡಿದರು. ಆ ಇಲಿಯು ಸನ್ನೆಯನ್ನು ಗಂಟೆಗೆ ನೂರಾರು ಸಲ ಒತ್ತತೊಡಗಿತು. ಈ ಹಾದಿಯಲ್ಲಿ ಸಂದೇಶವನ್ನು ಒಯ್ಯುವ ಮುಖ್ಯ ರಸಕ್ಕೆ ಡೋಪಮೈನ್ ಎಂದು ಹೆಸರು. ಅದು ಮೆದುಳಿನಲ್ಲಿ ಸ್ವತಂತ್ರವಾದ ದೂತನೆಂದು ತೋರಿಸಿದ ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ ಎಂಬವರಿಗೆ ೨೦೦೦ದಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಮೊದಲು ಇದನ್ನು ಸುಖದ ರಸವೆಂದೇ ಬಗೆದಿದ್ದರು. ತರುವಾಯ ಅಮೆರಿಕೆಯ ಕೆಂಟ್ ಬೆರಿಡ್ಜ್ ಎಂಬ ಪಂಡಿತರು, ಈ ರಸವನ್ನು ಬಹುಮಟ್ಟಿಗೆ ಕಳೆದುಕೊಂಡ ಇಲಿಗಳನ್ನು ಪರೀಕ್ಷಿಸಿದರು. ಅವು ಆಹಾರದ ಬಳಿಗೆ ತಾವಾಗಿ ಹೋಗವು. ಆದರೂ ನಾಲಗೆಯ ಮೇಲೆ ಸಿಹಿಯನ್ನಿರಿಸಿದರೆ ಅದನ್ನು ಸವಿಯುವ ಮುಖಭಾವ ಮಾತ್ರ ಹಾಗೆಯೇ ಉಳಿದಿತ್ತು. ಆದಕಾರಣ ಬಯಸುವುದು ಬೇರೆ, ಸವಿಯುವುದು ಬೇರೆ ಎಂದು ನಿರ್ಣಯವಾಯಿತು. ಷುಲ್ಟ್ಸ್ ಎಂಬವರು ಕೋತಿಗಳಲ್ಲಿ ಕಂಡುದು ಮತ್ತೊಂದು: ಹಣ್ಣಿನ ರಸವು ಬರುವುದಕ್ಕೆ ಮುಂಚೆ ತೋರುವ ದೀಪದ ಗುರುತು ಅಭ್ಯಾಸವಾದ ಮೇಲೆ, ಈ ನರಕೋಶಗಳು ಗುರುತಿಗೇ ಕೆರಳುವುವು, ರಸಕ್ಕಲ್ಲ.

ವ್ಯಸನದ ಮರ್ಮವಿರುವುದು ಇಲ್ಲಿಯೇ. ಮದ್ಯವೂ ಹೊಗೆಸೊಪ್ಪೂ ಈ ಹಾದಿಯನ್ನು ಮತ್ತೆ ಮತ್ತೆ ಕೆರಳಿಸುವುವು. ಕಾಲಕ್ರಮದಲ್ಲಿ ಮೆದುಳು ಅದಕ್ಕೆ ಒಗ್ಗಿ, ಅದೇ ಅಳತೆಯಿಂದ ಸುಖವು ದೊರೆಯದು. ಬಯಕೆಯಾದರೋ ಬೆಳೆಯುತ್ತಲೇ ಹೋಗುವುದು. ವಿವೇಕದಿಂದ ತಡೆಯಬೇಕಾದ ಮುಂದಲೆಯ ಭಾಗದ ಹಿಡಿತವೂ ಸಡಿಲುವುದು. ಕುಡುಕನು ಸುಖವನ್ನು ಉಣ್ಣುತ್ತಿರುವನೆಂದು ಮನೆಯವರು ಹಳಿಯುವರು; ಅವನಿಗೆ ಸುಖವು ಎಂದೋ ತಪ್ಪಿಹೋಗಿ ಬಯಕೆಯೊಂದೇ ಉಳಿದಿರುವುದು. ವರ್ಷಗಳ ಮೇಲೆಯೂ ಹಳೆಯ ಬೀದಿ, ಹಳೆಯ ಗೆಳೆಯ, ಸಂಜೆಯ ಹೊತ್ತು ಇವೇ ಆ ದೀಪದ ಗುರುತಾಗಿ ಅವನನ್ನು ಎಳೆಯುವುವು. ಆದಕಾರಣ ಮರಳಿ ಬಿದ್ದವನನ್ನು ಸುಳ್ಳುಗಾರನೆಂದು ತೊರೆಯಲಾಗದು.

ಇದಕ್ಕೆ ಮಠಗಳು ಮಾಡಬಹುದಾದುದೇನು? ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಶ್ರೀ ಮಹಾಂತ ಶಿವಯೋಗಿಗಳು (೧೯೩೦–೨೦೧೮) ೧೯೭೫ರಿಂದ ಜೋಳಿಗೆ ಹಿಡಿದು ಮನೆಮನೆಗೆ ನಡೆದು, ಕಾಣಿಕೆಯನ್ನಲ್ಲದೆ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ ೧ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವಾಗಿ ಆಚರಿಸುವುದು. ಆ ಜೋಳಿಗೆಯು ಬೈಯಲಿಲ್ಲ, ಬೇಡಿತು. ಹತ್ತು ಜನರ ಮುಂದೆ ಚಟವನ್ನು ಒಪ್ಪಿಸಿದವನಿಗೆ ಹಳೆಯ ಸಂಗವು ಕಳಚಿ ಹೊಸ ಸಂಗವು ದೊರೆಯುವುದು. ಕಾಯಕದಲ್ಲಿಯೂ ದಾಸೋಹದಲ್ಲಿಯೂ ಬಯಕೆಗೆ ಬೇರೊಂದು ದಾರಿ ತೆರೆಯುವುದು. ಹೆಂಡದ ಮಾರಯ್ಯನನ್ನು ತಮ್ಮವನೆಂದು ಎಣಿಸಿದ ಶರಣಪರಂಪರೆಗೆ ಇದು ಹೊಸತಲ್ಲ.

ಆದರೆ ಒಂದು ಎಚ್ಚರಿಕೆಯನ್ನು ಭಕ್ತರು ಅವಶ್ಯವಾಗಿ ಮನಸ್ಸಿನಲ್ಲಿಡತಕ್ಕದ್ದು. ಬಹುಕಾಲ ನಿತ್ಯವೂ ಹೆಚ್ಚಾಗಿ ಕುಡಿದವನು ಗದ್ದುಗೆಯ ಮುಂದೆ ಆಣೆಯಿಟ್ಟು ಥಟ್ಟನೆ ನಿಲ್ಲಿಸಿದರೆ, ಎರಡು ಮೂರು ದಿನಗಳೊಳಗೆ ಕೈಕಾಲು ನಡುಗಿ, ಸೆಳವು ಬಂದು, ಭ್ರಮೆ ಕವಿದು, ಪ್ರಾಣಕ್ಕೇ ಅಪಾಯವಾಗಬಹುದು. ಇದನ್ನು ದೆವ್ವದ ಕಾಟವೆಂದೋ ವ್ರತಭಂಗದ ಫಲವೆಂದೋ ತಿಳಿದು ಕಾಲಹರಣ ಮಾಡಬಾರದು. ವ್ರತವನ್ನು ಕೈಗೊಳ್ಳುವ ಮುಂಚೆಯೇ ಅಂಥವನನ್ನು ವೈದ್ಯರಿಗೆ ತೋರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆಂದೇ ಚಿಕಿತ್ಸಾವಿಭಾಗವುಂಟು. ನಡುಕವನ್ನು ತಡೆಯುವ ಔಷಧವೂ ಬಯಕೆಯನ್ನು ತಗ್ಗಿಸುವ ಔಷಧವೂ ಉಂಟು. ಔಷಧವನ್ನು ಸೇವಿಸಿದರೆ ಆಣೆಯ ಬೆಲೆ ಕುಂದದು.

ವೈದ್ಯನು ದೇಹವನ್ನು ಕಾಯಲಿ, ಮನೆಯವರು ತಾಳ್ಮೆಯನ್ನು ಕಾಯಲಿ, ಮಠವು ಬಾಗಿಲನ್ನು ತೆರೆದಿರಲಿ. ಒಮ್ಮೆ ಬಿದ್ದವನು ಮತ್ತೆ ಬಂದರೂ ಜೋಳಿಗೆಯು ಅವನ ಮುಂದೆ ಮತ್ತೆ ಚಾಚಲಿ ಎಂದು ಪ್ರಾರ್ಥಿಸಿ ವಿರಮಿಸುವೆನು.