ಅಪ್ಪ ಹೋದ ವರ್ಷ, ನನ್ನ ಮೊದಲ ಕೆಲಸ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಕೆಲಸ ಸಿಗಲು ಏನು ಓದಬೇಕು ಎಂಬುದರ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಅದನ್ನೆಲ್ಲ ಈಗಿನ ಮಕ್ಕಳು ಮೊಬೈಲಿನಲ್ಲೇ ನೋಡಿಕೊಳ್ಳುತ್ತಾರೆ. ಅಲ್ಲಿ ಸುಲಭವಾಗಿ ಸಿಗದ ಒಂದು ವಿಷಯ ಹೇಳುತ್ತೇನೆ. ಮನೆಯಲ್ಲಿ ಸಾವಾದಾಗ ಕೆಲಸ ಹುಡುಕುವುದು ಹೇಗೆ, ಸಿಕ್ಕ ಕೆಲಸ ಉಳಿಸಿಕೊಳ್ಳುವುದು ಹೇಗೆ ಎಂಬುದು. ಇದನ್ನು ನಾನು ಚೆನ್ನಾಗಿ ಮಾಡಿದವನಲ್ಲ, ತಪ್ಪು ಮಾಡಿ ಕಲಿತವನು.

2012ರಲ್ಲಿ ದಾವಣಗೆರೆಯಲ್ಲಿ ನನ್ನ ಬಿ.ಇ. ಮುಗಿಯಿತು. ಕ್ಯಾಂಪಸ್‌ನಲ್ಲಿ ಒಂದು ಕಂಪನಿ ಆಯ್ಕೆ ಮಾಡಿತ್ತು. ಸೇರುವ ದಿನಾಂಕ ಮುಂದೆ ತಿಳಿಸುತ್ತೇವೆ ಎಂದಿದ್ದರು. ಆ ದಿನಾಂಕ ಬರಲೇ ಇಲ್ಲ. ಆಗಸ್ಟ್‌ನಲ್ಲಿ ಅಪ್ಪ ಮೆಕ್ಕೆಜೋಳಕ್ಕೆ ಗೊಬ್ಬರ ಹಾಕಲು ಹೋದವರು ಹೊಲದಲ್ಲೇ ಕುಸಿದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು.

ತಿಥಿ ಕಳೆದ ಆರನೆಯ ದಿನ ನಾನು ಬೆಂಗಳೂರಿನ ಬಸ್ಸು ಹತ್ತಿದೆ. ಬೋಳು ತಲೆ, ಅಪ್ಪನದೇ ಶರ್ಟು, ಕೈಯಲ್ಲಿ ಫೈಲು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ಕೋರಮಂಗಲ, ಎಲ್ಲಿ ವಾಕ್-ಇನ್ ಇದ್ದರೂ ಸಾಲಿನಲ್ಲಿ ನಿಂತೆ. ಲಿಖಿತ ಪರೀಕ್ಷೆ ಪಾಸಾಗುತ್ತಿತ್ತು. ಎದುರು ಕೂತು ಮಾತಾಡುವಾಗ ಗಂಟಲು ಕಟ್ಟುತ್ತಿತ್ತು. ಗೊತ್ತಿರುವ ಉತ್ತರವೂ ಬಾಯಿಗೆ ಬರುತ್ತಿರಲಿಲ್ಲ. ತಲೆ ನೋಡಿ ಒಬ್ಬರು, ‘ತಿರುಪತಿಗೆ ಹೋಗಿದ್ರಾ?’ ಎಂದು ಕೇಳಿದರು. ಹೌದು ಎಂದೆ. ನಿಜ ಹೇಳಿದರೆ ಕನಿಕರಕ್ಕೆ ಕೈಚಾಚಿದಂತೆ ಆಗುತ್ತದೆ ಎಂದುಕೊಂಡಿದ್ದೆ.

ಎರಡು ತಿಂಗಳಲ್ಲಿ ಹಣ ಮುಗಿದು ಊರಿಗೆ ಬಂದೆ. ಬಸ್‌ಸ್ಟ್ಯಾಂಡಿನಿಂದ ಮನೆ ಮುಟ್ಟುವುದರೊಳಗೆ ನಾಲ್ಕು ಜನ ಕೆಲಸ ಸಿಕ್ತಾ ಎಂದು ಕೇಳಿದರು. ಪ್ರೀತಿಯಿಂದಲೇ ಕೇಳಿದ್ದು. ಆದರೂ ಮರುದಿನದಿಂದ ನಾನು ಹಗಲು ಹೊರಗೆ ಬರುವುದನ್ನೇ ಬಿಟ್ಟೆ.

ಆಗ ನಮ್ಮ ಗಣಿತದ ಮೇಷ್ಟ್ರು ಮನೆಗೆ ಬಂದರು. ಸಮಾಧಾನದ ಮಾತು ಒಂದೂ ಆಡಲಿಲ್ಲ. ‘ಹತ್ತನೇ ಕ್ಲಾಸಿನವರಿಗೆ ಸಂಜೆ ಲೆಕ್ಕ ಹೇಳಿಕೊಡಬೇಕು, ನನಗೆ ಪುರುಸೊತ್ತಿಲ್ಲ, ನಾಳೆಯಿಂದ ಬಾ’ ಎಂದರು. ಅವರಿಗೆ ಪುರುಸೊತ್ತು ಇತ್ತೆಂದು ನನಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ! ಡಿಸೆಂಬರ್‌ನಿಂದ ಫೆಬ್ರುವರಿವರೆಗೆ, ಇದೇ ಕಟ್ಟಡದ ಕೊನೆಯ ಕೋಣೆಯಲ್ಲಿ, ದಿನಾ ಒಂದು ಗಂಟೆ ಬೋರ್ಡಿನ ಮುಂದೆ ನಿಂತೆ. ಮಕ್ಕಳು ‘ಅರ್ಥ ಆಗಲಿಲ್ಲ ಸಾರ್’ ಎಂದರೆ ಇನ್ನೊಂದು ರೀತಿಯಲ್ಲಿ ಹೇಳಬೇಕು. ಹಾಗೆ ಹೇಳಿ ಹೇಳಿ ನನಗೆ ಮಾತು ವಾಪಸ್ ಬಂತು. ಮಾರ್ಚ್‌ನಲ್ಲಿ ಒಂದು ಸಣ್ಣ ಕಂಪನಿಯ ಸಂದರ್ಶನದಲ್ಲಿ ಎದುರಿಗಿದ್ದವರಿಗೂ ಹಾಗೇ ಬೋರ್ಡಿನ ಮೇಲೆ ಬರೆದು ವಿವರಿಸಿದೆ. ತಿಂಗಳಿಗೆ 12,000 ರೂಪಾಯಿ, ಆರು ತಿಂಗಳು ಪ್ರೊಬೇಷನ್. ಸೇರಿದೆ.

ಕೆಲಸ ಸಿಕ್ಕರೆ ದುಃಖ ಮುಗಿಯುತ್ತದೆ ಎಂದುಕೊಂಡಿದ್ದೆ. ಅದು ಆಮೇಲೆ ಶುರುವಾಯಿತು. ರಾತ್ರಿ ನಿದ್ದೆ ಇಲ್ಲ, ಹಗಲು ಕಂಪ್ಯೂಟರಿನ ಮುಂದೆ ಓದಿದ ಸಾಲನ್ನೇ ಓದುತ್ತಿದ್ದೆ. ಇದರ ಮಧ್ಯೆ ಹೊಲದ ಪಹಣಿ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಪೌತಿ ಖಾತೆ ಎಂದು ಒಂದೊಂದಕ್ಕೂ ಓಡಾಟ. ಪ್ರತಿ ಸಲ ಆಫೀಸಿನಲ್ಲಿ ‘ಜ್ವರ’ ಎಂದು ಸುಳ್ಳು ಹೇಳಿ ಬರುತ್ತಿದ್ದೆ. ಮೂರನೆಯ ಜ್ವರದ ಹೊತ್ತಿಗೆ ನನ್ನ ಮೇಲೆ ನಂಬಿಕೆ ಹೋಗಿತ್ತು.

ಮೇ ತಿಂಗಳ ಒಂದು ಸಂಜೆ, ಒಂದು ಸರ್ವರ್ ಎಂದುಕೊಂಡು ಇನ್ನೊಂದರ ಮೇಲೆ ಅಳಿಸುವ ಆದೇಶ ಓಡಿಸಿಬಿಟ್ಟೆ. ಇಡೀ ತಂಡದ ಎರಡು ದಿನದ ಪರೀಕ್ಷಾ ದತ್ತಾಂಶ ಹೋಯಿತು. ಪುಣ್ಯಕ್ಕೆ ಗ್ರಾಹಕರದ್ದಲ್ಲ. ನಮ್ಮ ಟೀಮ್ ಲೀಡ್ ಸೇಲಂ ಕಡೆಯ ಹೆಣ್ಣುಮಗಳು. ಕೋಣೆಗೆ ಕರೆದು, ‘ನಿನಗೆ ಕೆಲಸ ಬರುತ್ತದೆ, ಆದರೂ ಹೀಗಾಗುತ್ತಿದೆ. ಏನಾಗಿದೆ?’ ಎಂದು ಕೇಳಿದರು. ಅಪ್ಪ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಬೆಂಗಳೂರಿನಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅವತ್ತೇ ಮೊದಲು.

ಅವರು ಕನಿಕರ ತೋರಿಸಲಿಲ್ಲ, ಒಂದು ವ್ಯವಸ್ಥೆ ಮಾಡಿದರು. ಎರಡು ತಿಂಗಳು ಸಂಜೆ ಐದರ ಮೇಲೆ ನಾನು ಯಾವ ಬದಲಾವಣೆಯನ್ನೂ ಮಾಡಬಾರದು. ಹಗಲು ಮಾಡಿದರೂ ಇನ್ನೊಬ್ಬರು ನೋಡಿದ ಮೇಲೆಯೇ ಓಡಿಸಬೇಕು. ಊರಿನ ಕೆಲಸಕ್ಕೆ ರಜೆ ಬೇಕಾದರೆ ಕಾರಣ ಬರೆದು ಮೊದಲೇ ಕೇಳಬೇಕು. ಪ್ರೊಬೇಷನ್ ಮೂರು ತಿಂಗಳು ಮುಂದೆ ಹೋಯಿತು, ಆದರೆ ಕೆಲಸ ಉಳಿಯಿತು.

ಅದೇ ವರ್ಷ ದೀಪಾವಳಿಗೆ ಊರಿಗೆ ಬಂದಾಗ ಕೊಟ್ಟಿಗೆ ಖಾಲಿ ಇತ್ತು. ಅಮ್ಮ ಹಸು ಮಾರಿ ನಾಲ್ಕು ತಿಂಗಳಾಗಿತ್ತು. ಒಮ್ಮೆ ತಲೆಸುತ್ತಿ ಬಿದ್ದು ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸಿದ್ದರಂತೆ. ‘ನಿನ್ನ ಕೆಲಸಕ್ಕೆ ತೊಂದರೆ ಆಗಬಾರದು ಅಂತ ಹೇಳಲಿಲ್ಲ’ ಎಂದಳು. ನಾನು ಫೋನಿನಲ್ಲಿ ದಿನಾ ‘ಊಟ ಆಯ್ತಮ್ಮ’ ಎನ್ನುತ್ತಿದ್ದೆ, ಎಷ್ಟೋ ದಿನ ಉಂಡಿರಲಿಲ್ಲ. ಅವಳು ‘ಹಸು ಚೆನ್ನಾಗಿದೆ’ ಎನ್ನುತ್ತಿದ್ದಳು. ಒಬ್ಬರನ್ನೊಬ್ಬರು ಕಾಪಾಡುತ್ತೇವೆ ಎಂದುಕೊಂಡು ಇಬ್ಬರೂ ಒಂಟಿಯಾಗಿದ್ದೆವು.

ಹಾಗಾಗಿ ಮಕ್ಕಳೇ, ಇಷ್ಟು ನೆನಪಿಡಿ. ಖಾಸಗಿ ಕಂಪನಿಗಳು ಸಾವಿಗೆಂದು ಪ್ರತ್ಯೇಕ ರಜೆ ಕೊಡಲೇಬೇಕೆಂಬ ಕೇಂದ್ರ ಕಾನೂನು ನಮ್ಮಲ್ಲಿಲ್ಲ, ಕಂಪನಿಯ ನಿಯಮವೇ ಆಧಾರ. ಆದ್ದರಿಂದ ಮುಚ್ಚಿಡಬೇಡಿ. ‘ನಮ್ಮ ತಂದೆ ತೀರಿಕೊಂಡಿದ್ದಾರೆ, ನನಗೆ ಇಷ್ಟು ದಿನ ಬೇಕು’ ಎಂದು ಒಂದೇ ಸಾಲಿನಲ್ಲಿ ಬರೆದು ಕೊಡಿ. ಎಲ್ಲ ಕಡೆ ಒಳ್ಳೆಯವರೇ ಸಿಗುತ್ತಾರೆ ಎಂದು ನಾನು ಹೇಳುವುದಿಲ್ಲ. ಆದರೆ ಹೇಳದಿದ್ದರೆ ಒಳ್ಳೆಯವರಿಗೂ ನಿಮ್ಮ ಕಷ್ಟ ಗೊತ್ತಾಗುವುದಿಲ್ಲ. ಮರಣವನ್ನು 21 ದಿನದೊಳಗೆ ನೋಂದಾಯಿಸಿ, ಮುಂದಿನ ಓಡಾಟ ಅರ್ಧ ಕಡಿಮೆಯಾಗುತ್ತದೆ. ಈಗಾಗಲೇ ಕೆಲಸದಲ್ಲಿರುವ ಗೆಳೆಯರು ಭವಿಷ್ಯನಿಧಿ ಖಾತೆಗೆ ನಾಮಿನಿ ಸೇರಿಸಿದ್ದೀರಾ ನೋಡಿಕೊಳ್ಳಿ. ಚಂದಾದಾರ ನೌಕರ ಸೇವೆಯಲ್ಲಿರುವಾಗ ತೀರಿಕೊಂಡರೆ ಮನೆಯವರಿಗೆ ಅದರ ಜೊತೆಗಿರುವ ವಿಮೆಯಿಂದ 7 ಲಕ್ಷದವರೆಗೆ ಬರುತ್ತದೆ. ಎಷ್ಟೋ ಮನೆಗಳಿಗೆ ಇದು ಗೊತ್ತೇ ಇಲ್ಲ.

ಊರಿನ ಹಿರಿಯರಲ್ಲಿ ಒಂದು ವಿನಂತಿ. ಸಾವಾದ ಮನೆಯ ಹುಡುಗನನ್ನೋ ಹುಡುಗಿಯನ್ನೋ ಕೆಲಸ ಸಿಕ್ತಾ ಎಂದು ಕೇಳುವ ಬದಲು ಒಂದು ಕೆಲಸ ಹೇಳಿ, ನಮ್ಮ ಮೇಷ್ಟ್ರು ಹೇಳಿದ ಹಾಗೆ. ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೊಂದು. ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ ಆ ಮನೆಗೆ ನಮ್ಮಲ್ಲಿ ಒಬ್ಬರು ಹೋಗೋಣ. ಕಾಗದಪತ್ರ ನೋಡೋಣ, ರೆಸ್ಯೂಮೆ ತಿದ್ದೋಣ, ಸಂದರ್ಶನದ ಅಭ್ಯಾಸ ಮಾಡಿಸೋಣ. ನಮ್ಮ 2006ರ ಎಸ್ಸೆಸ್ಸೆಲ್ಸಿ ಬ್ಯಾಚಿನ ಐದು ಜನ ಇದಕ್ಕೆ ಹೆಸರು ಕೊಟ್ಟಿದ್ದೇವೆ. ಆ ಪಟ್ಟಿ ಮುಖ್ಯ ಶಿಕ್ಷಕರ ಹತ್ತಿರ ಇದೆ, ಬೇರೆ ಬ್ಯಾಚಿನವರೂ ಸೇರಿಸಿ.

ಗಣಿತದ ಮೇಷ್ಟ್ರು ಇವತ್ತು ಎರಡನೆಯ ಸಾಲಿನಲ್ಲಿ ಕೂತಿದ್ದಾರೆ. ಸಾರ್, ನಿಮಗೆ ಅವತ್ತು ಪುರುಸೊತ್ತು ಇತ್ತು ಅಂತ ನನಗೆ ಗೊತ್ತು.