೧೦೮ರ ಗಾಡಿ ಬರುವ ತನಕ



ಮಳೆಗಾಲ ಹಿಡಿಯಿತೆಂದರೆ ಹೊಲದಲ್ಲಿ ಕೆಲಸವೂ ಹೆಚ್ಚು, ಹಾವಿನ ಕಾಟವೂ ಹೆಚ್ಚು. ಹಿರಿಯೂರು ಕಡೆಯ ಶೇಂಗಾ ಹೊಲವಾಗಲಿ, ಹೊಳಲ್ಕೆರೆ, ಹೊಸದುರ್ಗದ ಅಡಿಕೆ ತೋಟವಾಗಲಿ, ರಾತ್ರಿ ನೀರು ಕಟ್ಟಲು ಹೋಗುವವರಿಗೆ ಈ ಭಯ ತಪ್ಪಿದ್ದಲ್ಲ.

೨೦೦೮ರ ನವೆಂಬರ್ ೧ರಿಂದ ನಮ್ಮ ರಾಜ್ಯದಲ್ಲಿ 'ಆರೋಗ್ಯ ಕವಚ' ಎಂಬ ೧೦೮ರ ಗಾಡಿ ಓಡಾಡುತ್ತಿದೆ. ಕರೆಗೂ ಕಾಸಿಲ್ಲ, ಗಾಡಿಗೂ ಬಾಡಿಗೆಯಿಲ್ಲ. ಅದರಲ್ಲಿ ಇಬ್ಬರಿರುತ್ತಾರೆ. ಗಾಡಿ ನಡೆಸುವವರನ್ನು ಪೈಲಟ್ ಅಂತಲೇ ಕರೆಯುವುದು, ವಿಮಾನದವರ ಹಾಗೆ! ಇನ್ನೊಬ್ಬರು ತುರ್ತು ಚಿಕಿತ್ಸೆ ಕಲಿತವರು. ಆಮ್ಲಜನಕ ಕೊಡುವುದು, ರಕ್ತ ನಿಲ್ಲಿಸುವುದು, ದಾರಿಯಲ್ಲೇ ಹೆರಿಗೆಯಾದರೆ ತಾಯಿ ಮಗುವನ್ನು ನೋಡಿಕೊಳ್ಳುವುದು, ಎಲ್ಲವೂ ಇವರದೇ.

ಇವರಿಗೆ ಬಹಳ ತೊಡಕಾಗುವುದು ದಾರಿಯದು. ಕರೆ ತೆಗೆದುಕೊಳ್ಳುವವರಿಗೆ ನಿಮ್ಮ ಊರಿನ ಪರಿಚಯವಿರುವುದಿಲ್ಲ. ಬರೀ 'ಗೊಲ್ಲರಹಟ್ಟಿ' ಅಂದರೆ ಯಾವ ಗೊಲ್ಲರಹಟ್ಟಿ? ನಮ್ಮ ಜಿಲ್ಲೆಯಲ್ಲಿ ಅವೆಷ್ಟಿಲ್ಲ! ತಾಲ್ಲೂಕು, ಹೋಬಳಿ, ಪಂಚಾಯಿತಿ ಹೇಳಿ. ಗುಡಿಯೋ ಶಾಲೆಯೋ ಒಂದು ಗುರುತು ಹೇಳಿ. ತೋಟದ ಮನೆಯಾದರೆ ಒಬ್ಬರನ್ನು ಬ್ಯಾಟರಿ ಕೊಟ್ಟು ಡಾಂಬರು ರಸ್ತೆಗೆ ಕಳಿಸಿ. ಫೋನು ಆರಿಸಬೇಡಿ, ದಾರಿ ಕೇಳಲು ಗಾಡಿಯವರು ಅದಕ್ಕೇ ಕರೆ ಮಾಡುತ್ತಾರೆ.

ಅಲ್ಲಿಯ ತನಕ ನೀವೇನು ಮಾಡಬೇಕು? ಹಾವು ಕಚ್ಚಿದ ಕಾಲಿಗೆ ಹಗ್ಗ ಬಿಗಿಯಬೇಡಿ, ಕುಯ್ಯಬೇಡಿ, ಬಾಯಲ್ಲಿ ಹೀರಬೇಡಿ. 'ಅಜ್ಜನ ಕಾಲದಿಂದ ಕಟ್ತಾ ಬಂದಿದ್ದೀವಲ್ಲ ಸ್ವಾಮಿ' ಅನ್ನಬಹುದು. ಬಿಗಿದರೆ ರಕ್ತ ಹರಿಯದೆ ಮಾಂಸ ಸಾಯುತ್ತದೆ. ದಿಢೀರನೆ ಬಿಚ್ಚಿದರೆ ವಿಷ ಒಮ್ಮೆಗೇ ಮೈಗೇರುತ್ತದೆ. ಹೆಣ್ಣುಮಕ್ಕಳಾದರೆ ಕಾಲುಂಗುರ ತೆಗೆಯಿರಿ, ಕಾಲು ಊದುತ್ತದೆ. ಶಾಸ್ತ್ರ ಆಮೇಲೆ ನೋಡೋಣ. ಮುರಿದ ಕಾಲಿಗೆ ಕಟ್ಟುವ ಹಾಗೆ ದಬ್ಬೆ ಕಟ್ಟಿ, ಅಲುಗಾಡಿಸದೆ ಮಲಗಿಸಿ. ನಡೆಸಬೇಡಿ. ಹಾವನ್ನು ಹುಡುಕಿ ಹೊಡೆಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದೂ ಉಂಟು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಮದ್ದು ಒಂದೇ. ಅದನ್ನು ನರಕ್ಕೆ ಕೊಡುವುದು ಆಸ್ಪತ್ರೆಯಲ್ಲಿ. ಮಂತ್ರ ಹಾಕಿಸಲು ಕಳೆದ ಒಂದು ಗಂಟೆಯನ್ನು ಯಾವ ಡಾಕ್ಟರೂ ತಂದುಕೊಡಲಾರರು.

ಚಿತ್ರದುರ್ಗ, ಹಿರಿಯೂರಿನ ಹೆದ್ದಾರಿ ಪಕ್ಕ ಹೊಲವಿರುವವರಿಗೊಂದು ಮಾತು. ಅಪಘಾತ ಕಂಡಾಗ 'ಪೊಲೀಸು, ಸಾಕ್ಷಿ' ಅಂತ ಹಿಂಜರಿಯಬೇಡಿ. ೨೦೧೯ರಲ್ಲಿ ತಿದ್ದಿದ ಮೋಟಾರು ವಾಹನ ಕಾಯಿದೆಯಂತೆ, ನೆರವಾದವರನ್ನು ಹೆಸರು ಹೇಳೆಂದು ಒತ್ತಾಯಿಸುವ ಹಾಗಿಲ್ಲ. ರಕ್ತ ಸೋರುವ ಕಡೆ ಶುಭ್ರವಾದ ಬಟ್ಟೆ ಒತ್ತಿ ಹಿಡಿಯಿರಿ, ಜನ ಮುತ್ತದಂತೆ ನೋಡಿಕೊಳ್ಳಿ.

ಬಸುರಿ ಇರುವ ಮನೆಯವರು ತಾಯಿ ಕಾರ್ಡು, ಬಟ್ಟೆಯ ಗಂಟು ಸಿದ್ಧವಾಗಿಟ್ಟಿರಿ. ನೋವು ಕಂಡ ಕೂಡಲೇ ಕರೆ ಮಾಡಿ. ಹಟ್ಟಿಯ ದಾರಿಗೆ ಬೇಲಿಯ ಜಾಲಿ ಚಾಚಿದ್ದರೆ ಈ ವಾರವೇ ಕಡಿದುಹಾಕಿ, ಗಾಡಿ ಒಳಕ್ಕೆ ಬರಬೇಕಲ್ಲ.