ಗ್ರಂಥಾಲಯಕ್ಕೆ ಸರ್ಕಾರದ ಹಣ, ಊರಿನ ಜಾಗ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣ)



ಬೆಳ್ಳಿಹಬ್ಬ ಅಂದ ಮೇಲೆ ಸಂಘ ಎಷ್ಟು ಸಾಲ ಕೊಟ್ಟಿತು, ಎಷ್ಟು ವಸೂಲಾಯಿತು, ಎಷ್ಟು ಚೀಲ ಗೊಬ್ಬರ ಹಂಚಿತು ಎಂಬ ಲೆಕ್ಕ ಹೇಳುವುದು ವಾಡಿಕೆ. ಆ ಲೆಕ್ಕವನ್ನು ಕಾರ್ಯದರ್ಶಿಯವರು ಈಗಷ್ಟೇ ಓದಿ ಮುಗಿಸಿದ್ದಾರೆ. ನಾವು ಬೇರೆ ಒಂದು ವಿಷಯಕ್ಕೆ ನಿಂತಿದ್ದೇವೆ. ಸಂಘದ ಹಿಂದಿರುವ ಹಳೆಯ ಗೋದಾಮಿನ ಜಾಗವನ್ನು ಊರಿನ ಗ್ರಂಥಾಲಯಕ್ಕೆ ಕೊಡಬೇಕೋ, ಬಾಡಿಗೆಗೆ ಬಿಡಬೇಕೋ ಎಂಬ ಪ್ರಶ್ನೆ ಬರುವ ಮಹಾಸಭೆಯಲ್ಲಿ ನಿಮ್ಮೆಲ್ಲರ ಮುಂದೆ ಬರಲಿದೆ. ಅದಕ್ಕೆ ಮೊದಲು ಗ್ರಂಥಾಲಯಕ್ಕೆ ಸರ್ಕಾರದ ಹಣ ಎಲ್ಲಿಂದ ಬರುತ್ತದೆ, ಯಾಕೆ ಬರುವುದಿಲ್ಲ ಎಂಬುದನ್ನು ನಾವು ತಿಳಿದುಕೊಂಡಷ್ಟು ನಿಮ್ಮ ಮುಂದೆ ಇಡುತ್ತೇವೆ. ಹೊತ್ತಾದರೆ ಹೇಳ್ರಿ, ಊಟದ ಹೊತ್ತಿಗೆ ಮುಗಿಸಿಯೇ ಬಿಡ್ತೀವಿ.

ನಮ್ಮ ನಾಡಿಗೂ ಅಕ್ಷರಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ದಲ್ಲಿ ತಿರುಳುಗನ್ನಡದ ಸೀಮೆಯನ್ನು ಹೇಳುವಾಗ ಕೊಪಣದ ಹೆಸರು ಬರುತ್ತದೆ, ಅದೇ ನಮ್ಮ ಕೊಪ್ಪಳ. ಅದಕ್ಕೂ ಸಾವಿರ ವರ್ಷ ಮೊದಲು ಅಶೋಕ ಚಕ್ರವರ್ತಿ ತನ್ನ ಮಾತನ್ನು ಗವಿಮಠದ ಗುಡ್ಡದಲ್ಲಿ, ಪಾಲ್ಕಿಗುಂಡಿನಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ. ಜನ ಓದಲಿ ಎಂದು ಸರ್ಕಾರ ಮಾಡಿದ ಮೊದಲ ಖರ್ಚು ನಮ್ಮ ಕಡೆ ಅದೇ ಇರಬೇಕು. ಅದು ಬಂಡೆಗಲ್ಲು, ಮಳೆಗೆ ಸೋರುವುದಿಲ್ಲ. ನಮ್ಮ ಊರಿನ ಗ್ರಂಥಾಲಯ ಮಾತ್ರ ಸೋರುತ್ತದೆ.

ಇದನ್ನು ನಗೆಗಾಗಿ ಹೇಳಿದ್ದಲ್ಲ. ಪಂಚಾಯತಿಯ ಹಳೆಯ ಕೋಣೆಯಲ್ಲಿ ಗ್ರಂಥಾಲಯ ಇರುವುದನ್ನು ನೀವೆಲ್ಲ ನೋಡಿದ್ದೀರಿ. ಮುಂಗಾರು ಶುರುವಾದರೆ ಮೇಲ್ವಿಚಾರಕರು ಪುಸ್ತಕಗಳನ್ನು ಗೋಣಿಚೀಲದಲ್ಲಿ ತುಂಬಿ ತಮ್ಮ ಮನೆಯ ಅಟ್ಟಕ್ಕೆ ಒಯ್ಯುತ್ತಾರೆ, ಮಳೆ ನಿಂತ ಮೇಲೆ ತಂದು ಬಿಸಿಲಿಗೆ ಹಾಕುತ್ತಾರೆ, ಹಪ್ಪಳ ಒಣಗಿಸಿದ ಹಾಗೆ. ಆರು ಕುರ್ಚಿಗಳಲ್ಲಿ ಎರಡಕ್ಕೆ ಕಾಲಿಲ್ಲ. ಪೊಲೀಸ್ ಪರೀಕ್ಷೆಗೆ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗರು ಹತ್ತು ಹನ್ನೆರಡು ಮಂದಿ ಹೊರಗಿನ ಕಟ್ಟೆಯ ಮೇಲೆ ಕುಳಿತು ಓದುತ್ತಾರೆ. ಹೆಣ್ಣುಮಕ್ಕಳು ಬರುವುದೇ ಇಲ್ಲ. ಯಾಕವ್ವಾ ಬರೂದಿಲ್ಲ ಅಂತ ಒಬ್ಬ ಹುಡುಗಿಯನ್ನು ಕೇಳಿದೆವು. 'ಕಾಕಾರ, ಅಲ್ಲಿ ಶೌಚಾಲಯ ಇಲ್ರೀ, ಕುಂತ್ರ ಸಂಜೀ ತನಕಾ ಕುಂದ್ರಬೇಕಲ್ರೀ' ಅಂದಳು. ಅದಕ್ಕೆ ಉತ್ತರ ಕೊಡಲು ನಮ್ಮಲ್ಲಿ ಯಾರಿಗೂ ಬಾಯಿ ಇರಲಿಲ್ಲ.

ಈಗ ಹಣದ ಮಾತಿಗೆ ಬರೋಣ. ಗ್ರಂಥಾಲಯ ಸರ್ಕಾರ ಧರ್ಮಕ್ಕೆ ಕೊಡುವ ವಸ್ತು ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ತಪ್ಪು. ಮನೆ ತೆರಿಗೆ ಕಟ್ಟಿದ ರಸೀದಿಯನ್ನು ಮನೆಗೆ ಹೋದ ಮೇಲೆ ತೆಗೆದು ನೋಡ್ರಿ. ಅದರಲ್ಲಿ 'ಗ್ರಂಥಾಲಯ ಕರ' ಎಂದು ಒಂದು ಸಾಲು ಇರುತ್ತದೆ. ಅದು ನಾವೇ ಕೊಟ್ಟ ದುಡ್ಡು.

ಇದರ ಮೂಲ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ. ನಮ್ಮ ಆಗಿನ ನಾಲ್ಕೂ ತಾಲೂಕಿಗೆ, ಅಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಕ್ಕೆ, ಇನ್ನೂ ಮೊದಲೇ ಒಂದು ಕಾಯ್ದೆ ಇತ್ತು ಎಂಬುದು ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ನಾವು ಆಗ ರಾಯಚೂರು ಜಿಲ್ಲೆ, ಹೈದರಾಬಾದ್ ರಾಜ್ಯ. ಅಲ್ಲಿ 1955ರಲ್ಲಿಯೇ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಾಗಿತ್ತು. ಮರುವರ್ಷ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಆಮೇಲೆ ಇಡೀ ರಾಜ್ಯಕ್ಕೆ ಒಂದೇ ಕಾಯ್ದೆ 1965ರಲ್ಲಿ ಆಯಿತು. ಈ ಕಾಯ್ದೆಗಳ ಹಿಂದೆ ಇದ್ದ ದೊಡ್ಡ ಮನುಷ್ಯರು ಎಸ್. ಆರ್. ರಂಗನಾಥನ್. ತಮಿಳುನಾಡಿನವರು, ಗಣಿತದ ಮೇಷ್ಟರು, ಕೊನೆಗೆ ಬೆಂಗಳೂರಿನಲ್ಲಿ ನೆಲೆಸಿ 1972ರಲ್ಲಿ ತೀರಿಕೊಂಡರು. 1931ರಲ್ಲಿ ಮನ್ನಾರ್‌ಗುಡಿಯ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಕಳಿಸುವ ಏರ್ಪಾಡಿಗೆ ಅವರ ಪ್ರೇರಣೆ ಇತ್ತು. ಓದುವವರಿಂದ ಚಂದಾ ಎತ್ತಿ ಗ್ರಂಥಾಲಯ ನಡೆಸಿದರೆ ಬಡವರು ಹೊರಗೆ ಉಳಿಯುತ್ತಾರೆ, ಆದ್ದರಿಂದ ಕಾಯ್ದೆ ಬೇಕು, ಕರ ಬೇಕು ಎಂಬುದು ಅವರ ನಿಲುವು.

ಕರ ಮೊದಲು ರೂಪಾಯಿಗೆ 3 ಪೈಸೆ ಇತ್ತು, ಮುಂದೆ 6 ಪೈಸೆಯಾಯಿತು. ಅದೂ ಬರೇ ಮನೆ ತೆರಿಗೆಯ ಮೇಲಲ್ಲ. ಜಕಾತಿ, ವಾಹನ ತೆರಿಗೆ, ವೃತ್ತಿ ತೆರಿಗೆಗಳ ಮೇಲೂ ಸೇರಿಸುವಂತೆ ಕಾಯ್ದೆ ಬರೆದಿದ್ದರು. ಜೊತೆಗೆ ಜಿಲ್ಲೆಯ ಭೂಕಂದಾಯದಲ್ಲಿ ಒಂದು ಪಾಲನ್ನು ಸರ್ಕಾರ ಕೊಡಬೇಕು ಎಂದೂ ಇತ್ತು. ಜಕಾತಿ ನಾಕಾಗಳು ಹೋದವು, ಅದರ ಮೇಲಿನ ಕರವೂ ಹೋಯಿತು. ಭೂಕಂದಾಯ ಎಷ್ಟು ಸಣ್ಣದಾಗಿದೆ ಎಂದು ಒಕ್ಕಲುತನ ಮಾಡುವ ನಿಮಗೆ ನಾವು ಹೇಳಬೇಕೇ? ಕಡೆಗೆ ಗಟ್ಟಿಯಾಗಿ ಉಳಿದದ್ದು ಮನೆ ತೆರಿಗೆಯ ಮೇಲಿನ 6 ಪೈಸೆ.

ಅದರ ಲೆಕ್ಕವನ್ನು ಒಮ್ಮೆ ಹಾಕೋಣ. ಒಂದು ಊರಲ್ಲಿ 800 ಮನೆ ಇವೆ, ಮನೆಗೆ ವರ್ಷಕ್ಕೆ 300 ರೂಪಾಯಿ ತೆರಿಗೆ ಅಂತ ಇಟ್ಟುಕೊಳ್ಳಿ. ಒಟ್ಟು 2,40,000. ಅದಕ್ಕೆ ಗ್ರಂಥಾಲಯ ಕರ 14,400 ರೂಪಾಯಿ. ಅರ್ಧ ಮಂದಿ ತೆರಿಗೆ ಕಟ್ಟದಿದ್ದರೆ 7,200. ಈ ದುಡ್ಡಿನಲ್ಲಿ ಪತ್ರಿಕೆ ತರಿಸಬಹುದು, ಬಲ್ಬು ಹಾಕಬಹುದು, ನಾಲ್ಕು ಪುಸ್ತಕ ಕೊಳ್ಳಬಹುದು. ಮನೆ ಕಟ್ಟಿಸಿದವರು ಇಲ್ಲಿ ಬಹಳ ಮಂದಿ ಇದ್ದೀರಿ. ಇಷ್ಟರಲ್ಲಿ ಬುನಾದಿಯಾದರೂ ಏಳುತ್ತದೆಯೇ? ಅದರಲ್ಲಿಯೂ ವಸೂಲಾದ ಕರ ಗ್ರಂಥಾಲಯದ ಖಾತೆಗೆ ಹೊತ್ತಿಗೆ ಸರಿಯಾಗಿ ಮುಟ್ಟುವುದಿಲ್ಲ ಎಂಬ ದೂರು ರಾಜ್ಯದ ತುಂಬ ಇದೆ. ದೊಡ್ಡ ದೊಡ್ಡ ನಗರಗಳ ಬಾಕಿ ಕೋಟಿಗಟ್ಟಲೆ ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಸಾಲ ಬಾಕಿ ಉಳಿಸಿಕೊಂಡ ಸದಸ್ಯರಿಗೆ ನಾವು ನೋಟೀಸು ಕೊಡುತ್ತೇವೆ. ಆ ಬಾಕಿದಾರರಿಗೆ ನೋಟೀಸು ಕೊಡುವವರು ಯಾರೋ ಕಾಣೆವು.

ಆದ್ದರಿಂದ ಕಟ್ಟಡದ ಹಣ ಬೇರೆ ಕಡೆಯಿಂದಲೇ ಬರಬೇಕು. ದಾರಿಗಳು ಇಲ್ಲವೆಂದೇನೂ ಅಲ್ಲ. ಕೇಂದ್ರ ಸರ್ಕಾರ 1972ರಲ್ಲಿ ಕೋಲ್ಕತ್ತದಲ್ಲಿ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ ಎಂಬ ಸಂಸ್ಥೆಯನ್ನು ಕಟ್ಟಿತು. ಪುಸ್ತಕಕ್ಕೆ, ಕಪಾಟಿಗೆ, ಕಟ್ಟಡ ವಿಸ್ತರಿಸುವುದಕ್ಕೆ ಅದು ನೆರವು ಕೊಡುತ್ತದೆ. ಅದರ ಕೆಲವು ಯೋಜನೆಗಳು ಹೊಂದಾಣಿಕೆ ಅನುದಾನದವು, ಅಂದರೆ ರಾಜ್ಯ ತನ್ನ ಪಾಲು ಹಾಕಿದರೆ ಪ್ರತಿಷ್ಠಾನ ತನ್ನ ಪಾಲು ಹಾಕುತ್ತದೆ. ಸಂಸದರ ನಿಧಿಯಲ್ಲಿ ಗ್ರಂಥಾಲಯ ಕಟ್ಟಡಕ್ಕೆ ಅವಕಾಶ ಇದೆ. ಶಾಸಕರ ನಿಧಿ ಇದೆ. ಹಣಕಾಸು ಆಯೋಗದಿಂದ ಪಂಚಾಯತಿಗೆ ನೇರವಾಗಿ ಬರುವ ಅನುದಾನದಲ್ಲಿ ನೀರು, ಸ್ವಚ್ಛತೆಗೆಂದು ಕಟ್ಟಿಹಾಕದ ಒಂದು ಭಾಗ ಇದೆ. ನಮ್ಮ ಸೀಮೆಗಂತೂ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ ಎಂಬುದು ಬೇರೆಯೇ ಇದೆ, ಹಿಂದುಳಿದವರು ಎಂದು ಸಂವಿಧಾನದ 371(ಜೆ) ಕಲಮಿನಲ್ಲಿ ಹೇಳಿಸಿಕೊಂಡದ್ದರ ಫಲ ಅದು. ಅದೇ ಕಲಮಿನಿಂದ ನಮ್ಮ ಹುಡುಗರಿಗೆ ನೌಕರಿಯಲ್ಲಿ ಮೀಸಲಾತಿಯೂ ಇದೆ. ಆದರೆ ಮೀಸಲು ಜಾಗಕ್ಕೂ ಪರೀಕ್ಷೆ ಬರೆಯಬೇಕಲ್ಲ, ಪರೀಕ್ಷೆಗೆ ಓದಲಿಕ್ಕೆ ಒಂದು ಜಾಗ ಬೇಕಲ್ಲ.

2019ರಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು. ಅದುವರೆಗೆ ಗ್ರಂಥಾಲಯ ಇಲಾಖೆಯ ಕೈಯಲ್ಲಿದ್ದ ಗ್ರಾಮ ಪಂಚಾಯತಿ ಗ್ರಂಥಾಲಯಗಳು, ರಾಜ್ಯದಲ್ಲಿ ಐದು ಸಾವಿರದ ಆರುನೂರಕ್ಕೂ ಮೇಲ್ಪಟ್ಟು, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ ಮಕ್ಕಳಿಗೆಂದು 'ಓದುವ ಬೆಳಕು' ಶುರುವಾಯಿತು, ಮಕ್ಕಳಿಗೆ ಸದಸ್ಯತ್ವಕ್ಕೆ ದುಡ್ಡಿಲ್ಲ ಎಂದರು. ಮುಂದೆ ಗ್ರಂಥಾಲಯಕ್ಕೆ 'ಅರಿವು ಕೇಂದ್ರ' ಎಂಬ ಹೆಸರೂ ಬಂತು. ಹೆಸರು ಒಳ್ಳೆಯದೇ. ಕೆಲವು ಊರುಗಳಲ್ಲಿ ಗೋಡೆಗೆ ಬಣ್ಣ, ಕಂಪ್ಯೂಟರು, ಮಕ್ಕಳಿಗೆ ಸಣ್ಣ ಕುರ್ಚಿ ಬಂದು ಗ್ರಂಥಾಲಯ ಮದುವೆ ಮನೆಯ ಹಾಗೆ ಕಾಣುತ್ತದೆ. ನಾವು ಪಕ್ಕದ ತಾಲೂಕಿನ ಅಂಥ ಒಂದು ಊರಿಗೆ ಹೋಗಿ ಬಂದೆವು. ಹೊಟ್ಟೆಕಿಚ್ಚು ಬಂತು ಅಂತ ಹೇಳಿದರೆ ತಪ್ಪು ತಿಳಿಯಬೇಡ್ರಿ.

ಆ ಊರಿಗೆ ಬಂದದ್ದು ನಮಗೆ ಯಾಕೆ ಬರಲಿಲ್ಲ? ಇಲ್ಲಿ ನಮ್ಮ ತಪ್ಪನ್ನು ನಾವೇ ಹೇಳಿಕೊಳ್ಳಬೇಕು. ಕೆಲವು ವರ್ಷದ ಹಿಂದೆ ನಮ್ಮ ಊರಿಗೂ ಕಟ್ಟಡದ ಮಾತು ಬಂದಿತ್ತು. ಇಂಜಿನಿಯರ್ ಬಂದು ಜಾಗ ತೋರಿಸಿ ಅಂದರು. ಒಂದು ಓಣಿಯವರು ಗುಡಿಯ ಪಕ್ಕ ಅಂದರು, ಇನ್ನೊಂದು ಓಣಿಯವರು ಶಾಲೆಯ ಹತ್ತಿರ ಅಂದರು. ಗುಡಿಯ ಪಕ್ಕದ ಜಾಗದ ಕಾಗದ ಯಾರ ಹೆಸರಿನಲ್ಲಿಯೂ ಸರಿಯಾಗಿ ಇರಲಿಲ್ಲ. ಶಾಲೆಯ ಹತ್ತಿರದ ಜಾಗದಲ್ಲಿ ತಿಪ್ಪೆ ಹಾಕಿದವರು ತಮ್ಮದೇ ಅಂದರು. ಇ-ಸ್ವತ್ತಿನಲ್ಲಿ ಪಂಚಾಯತಿಯ ಹೆಸರು ಏರದ ಜಾಗದ ಮೇಲೆ ಎಸ್ಟಿಮೇಟ್ ಆಗುವುದಿಲ್ಲ. ಸಭೆಯ ಮೇಲೆ ಸಭೆ ನಡೆದವು, ಮಾರ್ಚ್ 31 ಬಂತು, ಹಣ ಬೇರೆ ಊರಿಗೆ ಹೋಯಿತು. ಸರ್ಕಾರ ಕೊಡಲಿಲ್ಲ ಎಂದು ಕಟ್ಟೆಯ ಮೇಲೆ ಕುಳಿತು ಬೈದವರಲ್ಲಿ ನಾವೂ ಇದ್ದೆವು. ಎರಡೂ ಓಣಿಯ ಸಭೆಯಲ್ಲಿ ಜಗಳಾಡಿದವರಲ್ಲಿಯೂ ನಾವೇ ಇದ್ದೆವು.

ಹೊರದೇಶದ ಒಂದು ಮಾತು ಇಲ್ಲಿ ಹೇಳಬೇಕು. ಅಮೆರಿಕದ ಉಕ್ಕಿನ ಸಾಹುಕಾರ ಆಂಡ್ರ್ಯೂ ಕಾರ್ನೆಗಿಯ ದುಡ್ಡಿನಿಂದ 1883ರಿಂದ 1929ರ ತನಕ ಲೋಕದ ಹಲವು ಕಡೆ 2,500ಕ್ಕೂ ಹೆಚ್ಚು ಗ್ರಂಥಾಲಯಗಳು ಎದ್ದವು. ಆದರೆ ಸಾಮಾನ್ಯವಾಗಿ ಅವನ ಶರತ್ತು ಹೀಗಿತ್ತು: ಜಾಗ ಊರು ಕೊಡಬೇಕು, ಕಟ್ಟಡಕ್ಕೆ ಕೊಟ್ಟ ಹಣದ ಹತ್ತನೆಯ ಒಂದು ಪಾಲನ್ನು ಪ್ರತಿವರ್ಷ ನಿರ್ವಹಣೆಗೆ ಊರೇ ಹಾಕಬೇಕು. ನಮ್ಮ ದೇಶದಲ್ಲಿಯೇ ಬರೋಡದ ಸಯಾಜಿರಾವ್ ಮಹಾರಾಜರು 1910ರ ನಂತರ ಹಳ್ಳಿ ಹಳ್ಳಿಗೆ ಗ್ರಂಥಾಲಯ ಮಾಡಿಸಿದಾಗ, ಜನ ತಮ್ಮ ಪಾಲು ಕೂಡಿಸಿದರೆ ಸರ್ಕಾರ ತನ್ನ ಪಾಲು ಸೇರಿಸುತ್ತಿತ್ತು. ಸಾಹುಕಾರ, ಮಹಾರಾಜ, ಇಬ್ಬರೂ ಮೊದಲು ಕೇಳಿದ್ದು ಊರಿನ ಕೈ ಎಲ್ಲಿ ಎಂದೇ.

ಸಹಕಾರ ಸಂಘಕ್ಕೂ ಗ್ರಂಥಾಲಯಕ್ಕೂ ಏನು ಸಂಬಂಧ, ಬೀಜ-ಗೊಬ್ಬರ ನೋಡಿಕೊಳ್ರಿ ಅಂತ ಕೆಲವರು ಅಂದಿದ್ದಾರೆ. ಪಕ್ಕದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದರು. ಬರಗಾಲದ ಸೀಮೆ ನಮ್ಮದು. ಕುಷ್ಟಗಿ, ಯಲಬುರ್ಗಾದ ಕಡೆ ಮಳೆ ಕೈಕೊಟ್ಟರೆ ಇಂದಿಗೂ ಜನ ಗುಳೆ ಹೋಗುತ್ತಾರೆ. ಗಂಗಾವತಿಯವರಿಗೆ ತುಂಗಭದ್ರೆಯ ಕಾಲುವೆ ಇದೆ, ಭತ್ತ ಇದೆ; ಒಣ ಬೇಸಾಯದವರಿಗೆ ಉಳಿದ ಕಾಲುವೆ ಅಂದರೆ ಮಕ್ಕಳ ಓದು ಒಂದೇ. ಇನ್ನೊಂದು ಮಾತು. ಪ್ರತಿವರ್ಷ ನವೆಂಬರ್ 14ರಿಂದ 20ರ ತನಕ ನಾವು ಸಹಕಾರ ಸಪ್ತಾಹದ ಬಾವುಟ ಏರಿಸುತ್ತೇವೆ. ಅದೇ ಏಳು ದಿನ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹವೂ ಹೌದು. ಇಷ್ಟು ವರ್ಷ ಒಂದೇ ವಾರದಲ್ಲಿ ಎರಡು ಹಬ್ಬ ಇರುವುದು ನಮಗೆ ತಿಳಿದೇ ಇರಲಿಲ್ಲ.

ಈಗ ಗೋದಾಮಿನ ಮಾತು. ಅದು ಸಂಘದ ಸ್ವಂತ ಜಾಗ, ಕಾಗದ ಸ್ವಚ್ಛ ಇದೆ, ತಂಟೆ ಇಲ್ಲ. ಹೊಸ ಗೋದಾಮು ಆದ ಮೇಲೆ ಅದು ಖಾಲಿ ಬಿದ್ದಿದೆ. ವ್ಯಾಪಾರಸ್ಥರೊಬ್ಬರು ತಿಂಗಳಿಗೆ 2,500 ರೂಪಾಯಿ ಬಾಡಿಗೆ ಕೊಡಲು ತಯಾರಿದ್ದಾರೆ. ವರ್ಷಕ್ಕೆ 30,000. ಇದು ಸಣ್ಣ ಹಣವಲ್ಲ, ನಿಮ್ಮ ಲಾಭಾಂಶದಲ್ಲಿ ಅಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಮಂಡಳಿಯಲ್ಲಿ ನಮ್ಮೊಳಗೇ ಒಮ್ಮತ ಇರಲಿಲ್ಲ. ಹಿರಿಯ ನಿರ್ದೇಶಕರೊಬ್ಬರು, 'ಜಾಗ ಕೊಟ್ಟ ಮ್ಯಾಲ ಕಟ್ಟಡ ಬರಲಿಲ್ಲಂದ್ರ ಏನ್ ಮಾಡ್ತೀರಿ, ಬಾಡಗಿನೂ ಹೋತು, ಪುಸ್ತಕಾನೂ ಇಲ್ಲ' ಅಂದರು. ಅವರ ಮಾತು ಖರೆ ಇದೆ. ಹಾಗಾಗಿ ಠರಾವಿನ ಕರಡಿನಲ್ಲಿ ಎರಡು ಶರತ್ತು ಸೇರಿಸಿದ್ದೇವೆ. ಎರಡು ವರ್ಷದೊಳಗೆ ಕೆಲಸ ಶುರುವಾಗದಿದ್ದರೆ ಜಾಗ ಸಂಘಕ್ಕೆ ಮರಳಬೇಕು. ಕಟ್ಟಡದ ನಕ್ಷೆಯಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇರಲೇಬೇಕು. ಈ ಎರಡನೆಯ ಶರತ್ತು ಹಾಕಿಸಿದವರು ಅದೇ ಹಿರಿಯರು.

ಜಾಗ ಕೊಡಲು ಮಹಾಸಭೆಯ ಒಪ್ಪಿಗೆ ಬೇಕು, ಸಹಕಾರ ಇಲಾಖೆಯ ಅನುಮತಿ ಬೇಕು, ಆಮೇಲೆ ಪಂಚಾಯತಿಯ ಹೆಸರು ಇ-ಸ್ವತ್ತಿನಲ್ಲಿ ಏರಬೇಕು, ಆಮೇಲೆ ಎಸ್ಟಿಮೇಟ್. ಇದಿಷ್ಟೂ ಮಾರ್ಚಿಗೆ ಮೊದಲು ಆಗಬೇಕಾದರೆ ಮಹಾಸಭೆಗೆ ಕೋರಂ ಕೂಡಬೇಕು. ಹೋದ ವರ್ಷ ಕೋರಂ ಇಲ್ಲದೆ ಸಭೆ ಮುಂದೂಡಿದ್ದು ನಿಮಗೆ ನೆನಪಿದೆ. ಠರಾವಿನ ಕರಡನ್ನು ಸಂಘದ ಕಚೇರಿಯ ಗೋಡೆಗೆ ಅಂಟಿಸಿದ್ದೇವೆ. ಬೇಡ ಅನ್ನುವವರೂ ಬಂದು ಬೇಡ ಅಂತ ಹೇಳ್ರಿ, ಬರವಣಿಗೆಯಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು, ಸಭೆಯಲ್ಲಿ ಓದಿ ಹೇಳುತ್ತೇವೆ. ಹಿಂದೆ ಜಗಳಾಡಿದ ಎರಡೂ ಓಣಿಯ ಹಿರಿಯರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ, ಅವರಿಗೆ ಬೇರೆಯಾಗಿ ಮನೆಗೆ ಬಂದು ಕರೆಯುತ್ತೇವೆ.

ಅಡಿಗೆ ಆಗಿದೆ ಅಂತ ಸನ್ನೆ ಬಂತು.